ರಾಗಿಯ ಬಿಸಿಲು ಕಾಫಿಗೆ ಸಲ್ಲದು

ಕೊಡಗಿನಿಂದ ಮೈಸೂರು ರಸ್ತೆಯಲ್ಲಿ ಬೆಂಗಳೂರಿಗೆ ಬರುವ ಬೆಳೆಗಾರ ಬಂಧುಗಳಿಗೆ ಕೆಂಗೇರಿ ಪರಿಚಿತ. ಇಂದು ಬಡಾವಣೆಗಳು ತುಂಬಿರುವ ಆ ಸೀಮೆಯಲ್ಲಿ ಹಿಂದೆ ರಾಗಿ ಹೊಲಗಳಿದ್ದವು. ತೆರೆದ ಬಿಸಿಲಿನಲ್ಲಿ ತೆನೆ ಕಟ್ಟುವ ಬೆಳೆ ಅದು. “ರಾಗಿಗೆ ಒಗ್ಗಿದ ಬಿಸಿಲು ಕಾಫಿಗೇಕೆ ಒಗ್ಗದು? ನೆರಳು ಕಡಿದರೆ ಫಸಲು ಹೆಚ್ಚೀತು” ಎಂಬ ಮಾತು ಆಗಾಗ ನಮ್ಮ ಕಿವಿಗೆ ಬೀಳುತ್ತದೆ. ಇದಕ್ಕೆ ಉತ್ತರ ಎಲೆಯೊಳಗೇ ಇದೆ.

ಗಾಳಿಯ ಇಂಗಾಲಾಮ್ಲ ವಾಯುವನ್ನು ಹಿಡಿದು ಆಹಾರವಾಗಿಸುವುದು ಎಲೆಯಲ್ಲಿರುವ ರುಬಿಸ್ಕೋ ಎಂಬ ಕಿಣ್ವ. ಅದು ಹುಟ್ಟಿದ ಕಾಲದಲ್ಲಿ ಗಾಳಿಯಲ್ಲಿ ಆಮ್ಲಜನಕ ಬಹು ವಿರಳವಾಗಿತ್ತು. ಆದ್ದರಿಂದ ಎರಡನ್ನೂ ಬೇರ್ಪಡಿಸುವ ಶಕ್ತಿ ಅದಕ್ಕೆ ಪೂರ್ಣವಾಗಿ ಬರಲಿಲ್ಲ. ಸೆಕೆ ಏರಿದಂತೆ ಅದು ತಪ್ಪಿ ಆಮ್ಲಜನಕವನ್ನು ಹಿಡಿಯುವುದು ಹೆಚ್ಚುತ್ತದೆ. ಎಲೆಯ ಗಳಿಕೆಯಲ್ಲಿ ಒಂದು ಪಾಲು ಪೋಲಾಗುತ್ತದೆ. ಕಾಫಿ, ಅಡಿಕೆ, ಮೆಣಸು, ಬಾಳೆ ಎಲ್ಲವೂ ಈ ಹಳೆಯ ಕ್ರಮದವು. ಇದಕ್ಕೆ ಸಿ-3 ಎಂದು ಹೆಸರು.

ಸುಮಾರು 3 ಕೋಟಿ ವರ್ಷಗಳ ಹಿಂದೆ, ಇಂಗಾಲಾಮ್ಲ ವಾಯು ಕಡಿಮೆಯಾದ ಕಾಲದಲ್ಲಿ, ಕೆಲವು ಹುಲ್ಲುಗಳು ಹೊಸ ಉಪಾಯ ಕಂಡುಕೊಂಡವು. ಆ ವಾಯುವನ್ನು ಮೊದಲು ಬೇರೆ ಕೋಶಗಳಲ್ಲಿ ಹಿಡಿದು, ಎಲೆನರದ ಸುತ್ತಲಿನ ಕೋಶಗಳಲ್ಲಿ ದಟ್ಟವಾಗಿ ತುಂಬುವುದೇ ಆ ಉಪಾಯ. ಇದು ಸಿ-4. ಸಸ್ಯಲೋಕದಲ್ಲಿ ಇದು 60ಕ್ಕೂ ಹೆಚ್ಚು ಬಾರಿ ಪ್ರತ್ಯೇಕವಾಗಿ ಮೂಡಿದೆ. ರಾಗಿ, ಜೋಳ, ಕಬ್ಬು ಈ ಗುಂಪಿನವು. ಕಬ್ಬಿನ ಎಲೆಯಲ್ಲಿ ಈ ಮಾರ್ಗವನ್ನು 1966ರಲ್ಲಿ ಆಸ್ಟ್ರೇಲಿಯಾದಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ ವಿವರಿಸಿದರು. ಅನಾನಸು, ವೆನಿಲ್ಲಾಗಳದು ಮೂರನೆಯ ದಾರಿ: ಅವು ರಾತ್ರಿ ವಾಯುವನ್ನು ಹಿಡಿದಿಟ್ಟು ಹಗಲು ಬಳಸಿ ನೀರುಳಿಸುತ್ತವೆ.

ಸಿ-4 ಉಪಾಯಕ್ಕೆ ಬೆಳಕಿನ ಖರ್ಚು ಹೆಚ್ಚು. ದಟ್ಟ ಅಡಿಕೆ ತೋಟದಡಿ ನೇಪಿಯರ್ ಹುಲ್ಲು ಬಡಕಲಾಗುವುದೂ, ನೆರಳು ತೆರೆದೊಡನೆ ಗರಿಕೆ, ತುಂಗೆ ನುಗ್ಗುವುದೂ ಇದರಿಂದಲೇ. ಇವು ಮೂರೂ ಸಿ-4.

ಅರೇಬಿಕಾವಾದರೋ ಇಥಿಯೋಪಿಯಾದ ಕಾಡಿನಲ್ಲಿ ದೊಡ್ಡ ಮರಗಳಡಿ ಬೆಳೆದ ಗಿಡ. ಪೂರ್ಣ ಬಿಸಿಲಿನ ಮೂರನೇ ಒಂದು ಪಾಲು ಅದರ ಎಲೆಗೆ ಸಾಕು; ಮಿಕ್ಕದ್ದು ಸೆಕೆಯೇ ಹೊರತು ಆಹಾರವಲ್ಲ. ಬ್ರೆಜಿಲ್‌ನಲ್ಲಿ ಬಯಲಿನಲ್ಲಿ ಬೆಳೆಯುತ್ತಾರೆ, ನಿಜ. ಆದರೆ ಆ ಪದ್ಧತಿ ಬೇಡುವ ಗೊಬ್ಬರದ ಖರ್ಚನ್ನು ಸಣ್ಣ ಬೆಳೆಗಾರ ಹೊರಲಾರ. ನಮ್ಮಲ್ಲಿ ಬಿಸಿಲು ಬಿದ್ದ ಅರೇಬಿಕಾಕ್ಕೆ ಬಿಳಿ ಕಾಂಡಕೊರಕದ ಕಾಟವೂ ಹೆಚ್ಚು.

ಅತಿ ನೆರಳಿನಲ್ಲಿ ಹೂವು ಕಡಿಮೆಯೆಂಬುದನ್ನೂ ನಾವು ಅಲ್ಲಗಳೆಯುವುದಿಲ್ಲ. ಅದಕ್ಕೆ ಮುಂಗಾರಿಗೆ ಮುನ್ನ ಹದವರಿತ ಮರಗಸಿಯೇ ಮದ್ದು. ಕೊಂಬೆ ಮತ್ತೆ ಚಿಗುರೀತು. ಬುಡ ಕಡಿದ ಮರದ ನೆರಳು ಮರಳಲು ಒಂದು ತಲೆಮಾರೇ ಬೇಕು. ಕೊಡಲಿ ಎತ್ತುವ ಮುನ್ನ ಸದಸ್ಯರು ಇದನ್ನು ಯೋಚಿಸಬೇಕೆಂದು ನಮ್ಮ ಕಳಕಳಿಯ ವಿನಂತಿ.