ದೆವ್ವದ ಉಗುರಿನ ಗೀರು

ಸಂತೆಯಲ್ಲಿ ಹಸುವನ್ನು ಕೊಳ್ಳುವವನು ಅದರ ಹಲ್ಲು, ಕೆಚ್ಚಲು, ಸುಳಿಗಳನ್ನೆಲ್ಲ ನೋಡಿಯೇ ಕೊಳ್ಳುತ್ತಾನೆ. ಆದರೂ ಅದು ಒದೆಯುವ ಸಂಗತಿಯು ಕೊಟ್ಟಿಗೆಗೆ ತಂದು ಕಟ್ಟಿದ ಮೇಲೆಯೇ ತಿಳಿಯತಕ್ಕದ್ದು. ಆಗ ಗೃಹಸ್ಥನಿಗೆ ಎರಡು ದಾರಿಗಳುಂಟು. ಮಾರಿದವನನ್ನು ಬೈದು ಹಸುವನ್ನು ಹಿಂದಕ್ಕೆ ಅಟ್ಟುವುದು ಒಂದು; ಅದು ಏತಕ್ಕೆ ಒದೆಯುತ್ತದೆಂಬುದನ್ನು ತಾಳ್ಮೆಯಿಂದ ಕಂಡುಹಿಡಿಯುವುದು ಇನ್ನೊಂದು. ಎರಡನೆಯ ದಾರಿಯನ್ನು ಹಿಡಿದ ಒಂದು ಕಾರ್ಖಾನೆಯ ವೃತ್ತಾಂತವನ್ನು ಈ ತಿಂಗಳು ವಾಚಕರ ಮುಂದೆ ಇಡಬೇಕೆಂದು ನಾವು ಬಯಸುತ್ತೇವೆ.

ಜಪಾನು ದೇಶದಲ್ಲಿ 1967ನೆಯ ಇಸವಿಯ ಮೇ ತಿಂಗಳಿನಲ್ಲಿ ‘ಕಾಸ್ಮೊ ಸ್ಪೋರ್ಟ್’ ಎಂಬ ಮೋಟಾರು ಗಾಡಿಯು ಮಾರಾಟಕ್ಕೆ ಬಂದಿತು. ಇದರಲ್ಲಿ ಇಬ್ಬರಿಗೆ ಮಾತ್ರ ಸ್ಥಳ. ಎತ್ತರ ನಾಲ್ಕು ಅಡಿಗಿಂತಲೂ ಕಡಮೆ. ಬೆಲೆ 14 ಲಕ್ಷ 80 ಸಾವಿರ ಯೆನ್. 1972ರಲ್ಲಿ ಇದರ ತಯಾರಿಕೆಯು ನಿಲ್ಲುವವರೆಗೆ ಹೊರಬಂದ ಗಾಡಿಗಳು ಒಟ್ಟು 1,176. ದಿನಕ್ಕೆ ಒಂದರಂತೆಯೂ ಬೀಳಲಿಲ್ಲ. ಬಹುಮಟ್ಟಿಗೆ ಎಲ್ಲವೂ ಜಪಾನಿನಲ್ಲಿಯೇ ಮಾರಾಟವಾದುವು; ಹೊರದೇಶಗಳಿಗೆ ಹೋದವು ಬೆರಳೆಣಿಕೆಯಷ್ಟು. ಮಕ್ಕಳುಮರಿಗಳುಳ್ಳ ಸಂಸಾರಿಗೆ ಇಂತಹ ಗಾಡಿಯಿಂದ ಏನು ಪ್ರಯೋಜನವೆಂದು ವಾಚಕರು ಕೇಳಬಹುದು. ಪ್ರಶ್ನೆಯು ನ್ಯಾಯವಾದುದೇ. ಆದರೆ ಈ ಗಾಡಿಯನ್ನು ಕೊಂಡವರ ಕಥೆಗಿಂತ ಕಟ್ಟಿದವರ ಕಥೆಯೇ ನಮಗೆ ಮುಖ್ಯವಾದುದು.

ಕಟ್ಟಿದವರು ಹಿರೋಷಿಮಾ ಪಟ್ಟಣದ ಪಕ್ಕದಲ್ಲಿದ್ದ ತೋಯೋ ಕೋಗ್ಯೋ ಕಂಪೆನಿಯವರು. 1920ರಲ್ಲಿ ಬಿರಡೆಯ ಮರದ ಸಾಮಾನುಗಳನ್ನು ಮಾಡುವುದಕ್ಕಾಗಿ ಹುಟ್ಟಿದ ಈ ಸಂಸ್ಥೆಯು 1931ರಿಂದ ಮೂರು ಚಕ್ರದ ಸಾಮಾನು ಗಾಡಿಗಳನ್ನು ಮಾಡತೊಡಗಿ, ಅವಕ್ಕೆ ‘ಮಜ್ದಾ’ ಎಂಬ ಹೆಸರನ್ನಿಟ್ಟಿತು. ಯಜಮಾನರ ಮನೆತನದ ಹೆಸರು ಮತ್ಸುದಾ. ಅದರೊಡನೆ ನಮ್ಮ ದೇಶದ ಪಾರಸಿ ಜನರು ಆರಾಧಿಸುವ ಅಹುರ ಮಜ್ದನ ಹೆಸರೂ ಇದರಲ್ಲಿ ಕೂಡಿದೆ. 1945ರ ಆಗಸ್ಟ್ 6ರಂದು ಆ ಪಟ್ಟಣದ ಮೇಲೆ ಅಣುಬಾಂಬು ಬಿದ್ದಾಗ, ನಡುವೆ ಹಿಜಿಯಾಮಾ ಎಂಬ ಗುಡ್ಡವು ಅಡ್ಡವಾಗಿದ್ದುದರಿಂದ ಕಾರ್ಖಾನೆಯು ನಾಶವಾಗದೆ ಉಳಿಯಿತು. ಆ ಪ್ರಾಂತದ ಸರ್ಕಾರಿ ಕಚೇರಿಯೇ ಕೆಲವು ಕಾಲ ಅದರೊಳಗೆ ಬಂದು ನೆಲಸಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿಂದ ಮೂರು ಚಕ್ರದ ಗಾಡಿಗಳು ಮತ್ತೆ ಹೊರಬಂದುವು.

ಆ ಮೇಲೆ ಬಂದ ಗಂಡಾಂತರವು ಬೇರೆ ಬಗೆಯದು. 1960ರ ಸುಮಾರಿಗೆ ಜಪಾನು ಸರ್ಕಾರವು ಮೋಟಾರು ಕಾರ್ಖಾನೆಗಳನ್ನು ಕೆಲವೇ ದೊಡ್ಡ ಗುಂಪುಗಳಾಗಿ ಸೇರಿಸಬೇಕೆಂದು ಯೋಚಿಸಿತು. ಚಿಕ್ಕ ಕಂಪೆನಿಗಳಿಗೆ ದೊಡ್ಡವರ ಹೊಟ್ಟೆಯನ್ನು ಸೇರುವ ಭಯ ಹುಟ್ಟಿತು. ಇತರರಲ್ಲಿ ಇಲ್ಲದ ವಿದ್ಯೆಯೊಂದು ತಮ್ಮಲ್ಲಿದ್ದರೆ ಮಾತ್ರ ಉಳಿಗಾಲವೆಂದು ಯಜಮಾನರಾದ ತ್ಸುನೇಜಿ ಮತ್ಸುದಾ ಅವರು ನಿಶ್ಚಯಿಸಿದರು. ಜರ್ಮನಿಯ ಎನ್.ಎಸ್.ಯು. ಕಂಪೆನಿಯಲ್ಲಿ ಫೆಲಿಕ್ಸ್ ವಾಂಕೆಲ್ ಎಂಬವರ ಕಲ್ಪನೆಯಂತೆ 1957ರಲ್ಲಿ ಹೊಸ ತೆರದ ಇಂಜಿನೊಂದು ಓಡಿತ್ತು. ಅದನ್ನು ತಯಾರಿಸುವ ಹಕ್ಕನ್ನು ಹಣ ತೆತ್ತು ಕೊಂಡುದಾಯಿತು. 1961ರಲ್ಲಿ ಸರ್ಕಾರದ ಒಪ್ಪಿಗೆಯೂ ದೊರೆಯಿತು.

ಈ ಇಂಜಿನಿನ ಹೊಸತನವೇನೆಂಬುದನ್ನು ಅಡಿಗೆಮನೆಯ ಮಾತಿನಲ್ಲಿಯೇ ಹೇಳಬಹುದು. ಸಾಧಾರಣವಾದ ಮೋಟಾರು ಇಂಜಿನು ಒರಳಿನಲ್ಲಿ ಕುಟ್ಟುವ ಒನಕೆಯಂತೆ; ಪಿಸ್ಟನ್ ಎಂಬ ತುಂಡು ಮೇಲಕ್ಕೂ ಕೆಳಕ್ಕೂ ಆಡುತ್ತಿರುವುದು. ವಾಂಕೆಲ್ ಇಂಜಿನಾದರೋ ಬೀಸುವ ಕಲ್ಲಿನಂತೆ. ಒಂದೇ ಕಡೆಗೆ ತಿರುಗುತ್ತಿರುವುದು. ಎರಡು ಬೀಜದ ಕಡಲೆಕಾಯಿಯ ಸಿಪ್ಪೆಯಂತೆ ನಡುವು ತುಸು ಒಳಸರಿದ ಒಂದು ಗೂಡು. ಅದರೊಳಗೆ ಪಕ್ಕಗಳು ಉಬ್ಬಿದ ಮುಕ್ಕೋನದ ತುಂಡು. ಇದು ತಿರುಗಿದಂತೆಲ್ಲ ಗೂಡಿನ ಗೋಡೆಗೂ ತನಗೂ ನಡುವಣ ಜಾಗವು ಹಿಗ್ಗುತ್ತಲೂ ಕುಗ್ಗುತ್ತಲೂ ಇರುವುದು. ಪೆಟ್ರೋಲಿನ ಆವಿಯನ್ನು ಒಳಗೆಳೆಯುವುದು, ಒತ್ತುವುದು, ಉರಿಸುವುದು, ಹೊರದೂಡುವುದು, ಈ ನಾಲ್ಕು ಕೆಲಸಗಳೂ ಆ ಜಾಗದಲ್ಲಿಯೇ ಸಾಗುವುವು. ಬಿಡಿಭಾಗಗಳು ಕಡಮೆ, ತೂಕ ಕಡಮೆ, ಅದುರಾಟವೂ ಕಡಮೆ. ಕಾಗದದ ಮೇಲೆ ಇದಕ್ಕಿಂತ ಚೆಲುವಾದ ಯಂತ್ರವಿಲ್ಲ.

ಹಸುವಿನ ಒದೆತವು ತಿಳಿದುದು ಆ ಮೇಲೆ. ಮುಕ್ಕೋನದ ಮೂರು ತುದಿಗಳಲ್ಲಿಯೂ ಆವಿ ಸೋರದಂತೆ ಗೋಡೆಗೆ ಒತ್ತಿಕೊಂಡಿರುವ ಸಣ್ಣ ಪಟ್ಟಿಗಳುಂಟು. ಇಂಜಿನು ಕೆಲವು ಕಾಲ ಓಡುವುದರೊಳಗಾಗಿ ಈ ಪಟ್ಟಿಗಳು ನಡುಗಿ, ಗೋಡೆಯ ನುಣುಪಾದ ಕ್ರೋಮಿಯಂ ಲೇಪದ ಮೇಲೆ ಸಾಲುಸಾಲಾಗಿ ಗೀರುಗಳನ್ನು ಎಳೆಯುತ್ತಿದ್ದುವು. ಇಂಜಿನು ಕೆಟ್ಟುಹೋಗುತ್ತಿತ್ತು. ಕೆಲಸಗಾರರು ಇವನ್ನು ‘ದೆವ್ವದ ಉಗುರಿನ ಗೀರು’ ಎಂದು ಕರೆದರು.

1963ರ ಏಪ್ರಿಲಿನಲ್ಲಿ ಇದಕ್ಕಾಗಿಯೇ ಬೇರೊಂದು ಸಂಶೋಧನ ಶಾಖೆಯು ಏರ್ಪಟ್ಟಿತು. ಕೆನಿಚಿ ಯಾಮಾಮೊತೋ ಅವರು ಅದರ ಮುಖ್ಯಸ್ಥರು. 1946ರಲ್ಲಿ ಇದೇ ಕಾರ್ಖಾನೆಯಲ್ಲಿ ಗೇರುಪೆಟ್ಟಿಗೆಗಳನ್ನು ಜೋಡಿಸುವ ಕೂಲಿಯಾಗಿ ಸೇರಿದವರು ಇವರು. ಶಾಖೆಯಲ್ಲಿದ್ದವರು ನಲವತ್ತೇಳು ಜನ. ಜಪಾನಿನಲ್ಲಿ ಈ ಸಂಖ್ಯೆಗೆ ವಿಶೇಷವಾದ ಅರ್ಥವುಂಟು. ತಮ್ಮ ಒಡೆಯನ ಸಾವಿಗಾಗಿ ಸುಮಾರು ಎರಡು ವರ್ಷಕಾಲ ಕಾದುಕೊಂಡಿದ್ದು, 1703ನೆಯ ಇಸವಿಯಲ್ಲಿ ಹಗೆ ತೀರಿಸಿ ಪ್ರಾಣವನ್ನೊಪ್ಪಿಸಿದ ನಲವತ್ತೇಳು ವೀರರ ಕಥೆಯು ಅಲ್ಲಿಯ ಮಕ್ಕಳಿಗೂ ಗೊತ್ತು. ಈ ಇಂಜಿನಿಯರುಗಳಿಗೂ ಆ ವೀರರ ಹೆಸರೇ ಅಂಟಿಕೊಂಡಿತು.

ಇವರು ಪಟ್ಟಿಗಾಗಿ ನಾನಾ ಪದಾರ್ಥಗಳನ್ನು ಪರೀಕ್ಷಿಸಿದರು. ಪ್ರಾಣಿಗಳ ಮೂಳೆಯನ್ನೂ ಬಿಡಲಿಲ್ಲವಂತೆ. ಕೊನೆಗೆ ದೋಷವು ಪದಾರ್ಥದ ಗಡಸಿನಲ್ಲಿ ಮಾತ್ರವಲ್ಲ, ಅದರ ಕಂಪನದಲ್ಲಿಯೂ ಇದೆಯೆಂಬುದು ಹೊಳೆಯಿತು. ವೀಣೆಯ ತಂತಿಗೆ ಹೇಗೋ ಹಾಗೆ ಪ್ರತಿಯೊಂದು ಲೋಹದ ಪಟ್ಟಿಗೂ ತನ್ನದೇ ಆದ ಶ್ರುತಿಯುಂಟು. ಗೋಡೆಯ ಮೇಲೆ ಜಾರುವಾಗ ಆ ಶ್ರುತಿಯು ಎಚ್ಚತ್ತರೆ ಪಟ್ಟಿಯು ಕುಣಿಯುವುದು. ಪಟ್ಟಿಯಲ್ಲಿ ಅಡ್ಡಡ್ಡಲಾಗಿ ಸಣ್ಣ ತೂತುಗಳನ್ನು ಕೊರೆದು ಶ್ರುತಿಯನ್ನು ಬದಲಾಯಿಸಲು, ಗೀರುಗಳು ನಿಂತುವು! ಮಾರಾಟದ ಗಾಡಿಗೆಂದು ಇಂಗಾಲದಲ್ಲಿ ಅಲ್ಯೂಮಿನಿಯಂ ಲೋಹವನ್ನು ಸೇರಿಸಿದ ಬೇರೊಂದು ಪಟ್ಟಿಯನ್ನು ಮಾಡಿದರು. ಅದು ಇನ್ನೂ ಚೆನ್ನಾಗಿ ಬಾಳಿತು.

1964ರ ತೋಕಿಯೋ ಮೋಟಾರು ಪ್ರದರ್ಶನದಲ್ಲಿ ಜನರು ಕಾಸ್ಮೊವನ್ನು ಕಣ್ಣಾರೆ ಕಂಡರು. ಆದರೆ ಕಂಪೆನಿಯವರು ಕೂಡಲೆ ಮಾರಲಿಲ್ಲ. ಮೂರು ವರ್ಷ ಕಾಯಿಸಿದರು. ಆ ನಡುವೆ ಪರೀಕ್ಷೆಯ ಗಾಡಿಗಳನ್ನು ದೇಶದ ನಾನಾ ಭಾಗಗಳ ವರ್ತಕರಿಗೆ ಕೊಟ್ಟು ಓಡಿಸಿ ನೋಡಿದರು. ಕೊನೆಗೆ ಬಂದ ಗಾಡಿಯಲ್ಲಿ ಎರಡು ಮುಕ್ಕೋನಗಳ 982 ಘನ ಸೆಂಟಿಮೀಟರಿನ ಇಂಜಿನಿದ್ದು, ಅದು 110 ಕುದುರೆಗಳ ಬಲವನ್ನು ಕೊಡುತ್ತಿತ್ತು. ವೇಗವು ಗಂಟೆಗೆ 185 ಕಿಲೋಮೀಟರು. 1968ರ ಆಗಸ್ಟಿನಲ್ಲಿ ಜರ್ಮನಿಯ ನ್ಯೂರ್ಬುರ್ಗ್‌ರಿಂಗ್ ಪಥದಲ್ಲಿ 84 ಗಂಟೆಗಳ ಪಂದ್ಯಕ್ಕೆ ಎರಡು ಕಾಸ್ಮೊಗಳು ಹೋದುವು. ಒಂದು 82ನೆಯ ಗಂಟೆಯಲ್ಲಿ ಕೆಟ್ಟು ನಿಂತಿತು. ಇನ್ನೊಂದು ನಾಲ್ಕನೆಯದಾಗಿ ಗುರಿ ಮುಟ್ಟಿತು.

ಅತ್ತ ಎನ್.ಎಸ್.ಯು. ಕಂಪೆನಿಯವರು 1967ರಲ್ಲಿ ಇದೇ ಬಗೆಯ ಇಂಜಿನುಳ್ಳ ದೊಡ್ಡ ಗಾಡಿಯೊಂದನ್ನು ಮಾರಿದರು. ಇಂಜಿನುಗಳು ಬೇಗ ಕೆಟ್ಟು, ಕೊಂಡವರಿಗೆ ಹೊಸವನ್ನು ಕೊಡುತ್ತ ಕೊಡುತ್ತ ಅವರ ಬೊಕ್ಕಸ ಬರಿದಾಯಿತು. 1969ರಲ್ಲಿ ಆ ಕಂಪೆನಿಯು ಮತ್ತೊಂದರೊಡನೆ ಸೇರಿಹೋಯಿತು. ಹೆತ್ತವರ ಮನೆಯಲ್ಲಿ ಬಾಳದ ಕೂಸು ಸಾಕಿದವರ ಮನೆಯಲ್ಲಿ ಬಾಳಿತು.

ಇಲ್ಲಿಗೇ ಮುಗಿಸಿದರೆ ಕಥೆಯು ಅಂದವಾಗಿರುತ್ತಿತ್ತು. ಆದರೆ ಸತ್ಯಕ್ಕೆ ಕುಂದಾಗುತ್ತಿತ್ತು. ಗೀರಿನ ದೆವ್ವವು ಹೋದರೂ ಬಾಯಾರಿಕೆಯ ದೆವ್ವವು ಹೋಗಲಿಲ್ಲ. ಈ ಇಂಜಿನು ಪೆಟ್ರೋಲನ್ನು ಹೆಚ್ಚಾಗಿ ಕುಡಿಯತಕ್ಕದ್ದು. 1973ರಲ್ಲಿ ಎಣ್ಣೆಯ ಬೆಲೆಯು ಏರಿದಾಗ ಅಮೆರಿಕದಲ್ಲಿ ಈ ಗಾಡಿಗಳನ್ನು ಕೇಳುವವರು ಕಡಮೆಯಾಗಿ, ಕಂಪೆನಿಯು ಸಾಲಕೊಟ್ಟ ಬ್ಯಾಂಕಿನವರ ಆಸರೆಯಿಂದ ಉಳಿಯಬೇಕಾಯಿತು. ಒಂದು ಕಷ್ಟವನ್ನು ಗೆದ್ದವರು ಎಲ್ಲ ಕಷ್ಟಗಳನ್ನೂ ಗೆದ್ದಂತೆ ಬೀಗಬಾರದೆಂಬುದಕ್ಕೆ ಇದು ಸಾಕ್ಷಿ. ಆದರೂ ಅವರು ಕೈಬಿಡಲಿಲ್ಲ. ಯಾಮಾಮೊತೋ ಅವರು 1984ರಲ್ಲಿ ಕಂಪೆನಿಯ ಅಧ್ಯಕ್ಷರಾದರು. 1991ರಲ್ಲಿ ಫ್ರಾನ್ಸಿನ ಲೆ ಮಾನ್ ಪಂದ್ಯದಲ್ಲಿ ಇದೇ ಜಾತಿಯ ಇಂಜಿನಿನ ಗಾಡಿಯು ಮೊದಲನೆಯದಾಗಿ ಬಂದಿತು. ಅಲ್ಲಿ ಜಪಾನಿನ ಗಾಡಿಯೊಂದು ಗೆದ್ದುದು ಅದೇ ಮೊದಲು. 2023ರಲ್ಲಿ ವಿದ್ಯುತ್ತಿನ ಗಾಡಿಯೊಂದಕ್ಕೆ ಕರೆಂಟನ್ನು ಒದಗಿಸುವ ಚಿಕ್ಕ ಯಂತ್ರವಾಗಿ ಆ ಇಂಜಿನು ಮತ್ತೆ ಕಾಣಿಸಿಕೊಂಡಿತು.

ನಮ್ಮ ಮನೆಗಳಲ್ಲಿಯೂ ಹೊರಗಿನಿಂದ ತಂದ ವಿದ್ಯೆ, ಕಸುಬು, ವ್ಯವಸ್ಥೆಗಳು ಮೊದಲ ತಿಂಗಳಿನಲ್ಲಿ ಕೈಕೊಟ್ಟರೆ, ‘ಇದು ನಮಗೆ ಹೇಳಿಸಿದ್ದಲ್ಲ’ ಎಂದು ಮೂಲೆಗೆ ಸೇರಿಸುವುದುಂಟು. ಹಣ ತೆತ್ತು ತಂದುದರ ಜೊತೆಗೆ ಅದರ ದೋಷವೂ ನಮ್ಮದಾಯಿತು. ಗೀರು ಬಿದ್ದುದು ಎಲ್ಲಿ, ಅದು ಏತಕ್ಕೆ ಬಿದ್ದಿತು ಎಂದು ನೋಡುವ ಕೆಲಸವೂ ನಮ್ಮದೇ. ಮಕ್ಕಳ ಕೈಯಲ್ಲಿ ಕೆಟ್ಟ ಗಡಿಯಾರವೊಂದನ್ನು ಕೊಟ್ಟು, ‘ಏಕೆ ನಿಂತಿತು, ನೋಡು’ ಎಂದು ಹೇಳುವ ತಾಯಿತಂದೆಗಳು ಆ ನಲವತ್ತೇಳು ಮಂದಿಯ ಪಾಠವನ್ನೇ ಕಲಿಸುತ್ತಿರುವರೆಂದು ನಾವು ನಂಬುತ್ತೇವೆ.