ಗಾಡಿ ಒಂದು, ಹೆಸರು ಎರಡು

ಮನೆಯ ಮುಂದೆ ಒಂದು ಗಾಡಿ ನಿಂತಿದೆ. ಮುಂಭಾಗದಲ್ಲಿ ನಾಲ್ಕು ಬಾಗಿಲು, ಐದು ಜನ ಕುಳಿತುಕೊಳ್ಳಲು ಮೆತ್ತನೆಯ ಆಸನ. ಹಿಂಭಾಗದಲ್ಲಿ ಸರಕು ತುಂಬಲು ತೆರೆದ ತೊಟ್ಟಿ. ಸೋಮವಾರ ಬೆಳಗ್ಗೆ ಆ ತೊಟ್ಟಿಯಲ್ಲಿ ಏಣಿ, ತಂತಿಯ ಸುರುಳಿ, ಸಿಮೆಂಟಿನ ಚೀಲ. ಭಾನುವಾರ ಅದೇ ಗಾಡಿಯ ಹಿಂದಿನ ಆಸನದಲ್ಲಿ ಮಕ್ಕಳಿಬ್ಬರು, ಅವರ ನಡುವೆ ತಿಂಡಿಯ ಬುಟ್ಟಿ. ಇದು ಕಾರೋ, ಸಾಮಾನಿನ ವ್ಯಾನೋ?

ಮಕ್ಕಳನ್ನು ಕೇಳಿದರೆ ಎರಡೂ ಹೌದೆಂದು ಹೇಳಿ ಆಟಕ್ಕೆ ಓಡಿಯಾರು. ಆದರೆ ತೆರಿಗೆಯ ಕಾನೂನಿಗೆ ಅಂತಹ ಉತ್ತರ ಸಲ್ಲದು. ಬ್ರಿಟನ್ನಿನಲ್ಲಿ ಈ ಒಂದು ಪ್ರಶ್ನೆಯ ಮೇಲೆ ನ್ಯಾಯಾಲಯಗಳು ತೀರ್ಪಿತ್ತಿವೆ, ಒಂದು ಸರ್ಕಾರ ಒಂದೇ ವಾರದಲ್ಲಿ ಮಾತು ಬದಲಿಸಿದೆ, ಮುಂದಿನ ಸರ್ಕಾರ ಮತ್ತೊಮ್ಮೆ ಬದಲಿಸಿದೆ. ಅಷ್ಟರಲ್ಲಿ ಸಾವಿರಾರು ಸಂಸಾರಗಳ ತಿಂಗಳ ಲೆಕ್ಕ ತಲೆಕೆಳಗಾಗಿದೆ.

ಆ ದೇಶದಲ್ಲಿ ಕಂಪನಿಯೊಂದು ತನ್ನ ನೌಕರನಿಗೆ ಗಾಡಿಯನ್ನು ಕೊಟ್ಟು, ಅದನ್ನು ಸ್ವಂತ ಕೆಲಸಕ್ಕೂ ಬಳಸಿಕೊಳ್ಳಬಹುದೆಂದರೆ, ಆ ಸವಲತ್ತನ್ನು ಸಂಬಳದ ಭಾಗವೆಂದೇ ಎಣಿಸಿ ಆದಾಯ ತೆರಿಗೆ ಹಾಕುತ್ತಾರೆ. ಇದರಲ್ಲಿ ಅನ್ಯಾಯವೇನೂ ಇಲ್ಲ. ಆದರೆ ಸವಲತ್ತಿನ ಬೆಲೆ ಕಟ್ಟುವ ರೀತಿ ಮಾತ್ರ ಎರಡು ಬಗೆ. ಗಾಡಿ ವ್ಯಾನ್ ಎನಿಸಿದರೆ ಅದರ ಬೆಲೆ ಏನೇ ಇರಲಿ, ಸವಲತ್ತಿನ ಮೌಲ್ಯ ವರ್ಷಕ್ಕೆ ಒಂದೇ ನಿಗದಿತ ಮೊತ್ತ. 2025-26ರಲ್ಲಿ ಅದು 4,020 ಪೌಂಡು. ಕಾರ್ ಎನಿಸಿದರೆ ಅದರ ಪಟ್ಟಿಬೆಲೆಯ ಮೇಲೆ, ಅದು ಉಗುಳುವ ಹೊಗೆಯ ಪ್ರಮಾಣಕ್ಕೆ ತಕ್ಕಂತೆ, ಶೇಕಡಾ 37ರವರೆಗೆ ಎಣಿಕೆ. ಡೀಸೆಲ್ ಪಿಕಪ್‌ಗಳ ಹೊಗೆ ಹೆಚ್ಚಾದ್ದರಿಂದ ಅವು ಸಾಮಾನ್ಯವಾಗಿ ಆ ಮೇಲಿನ ಮಿತಿಗೇ ಸೇರುತ್ತವೆ.

ಹೀಗಿದ್ದಾಗ ಹೆಸರಿನ ಬೆಲೆ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಒಬ್ಬ ವಿದ್ಯುತ್ ಕೆಲಸಗಾರನಿಗೆ ಕಂಪನಿ 40,000 ಪೌಂಡು ಪಟ್ಟಿಬೆಲೆಯ ಪಿಕಪ್ಪನ್ನು ಕೊಟ್ಟಿದೆಯೆಂದೂ, ಅವನ ತೆರಿಗೆಯ ದರ ಶೇಕಡಾ 20 ಎಂದೂ ಇಟ್ಟುಕೊಳ್ಳೋಣ. ಗಾಡಿ ವ್ಯಾನ್ ಆದರೆ ಅವನು ವರ್ಷಕ್ಕೆ ಕೊಡಬೇಕಾದ ತೆರಿಗೆ 804 ಪೌಂಡು. ಕಾರ್ ಆದರೆ ಸವಲತ್ತಿನ ಮೌಲ್ಯ 14,800 ಪೌಂಡು, ತೆರಿಗೆ 2,960 ಪೌಂಡು. ತಿಂಗಳಿಗೆ 67 ಪೌಂಡು ಕೊಡುತ್ತಿದ್ದವನು ಸುಮಾರು 247 ಪೌಂಡು ಕೊಡಬೇಕು. ಕೆಲಸಕ್ಕಿಟ್ಟುಕೊಂಡ ಕಂಪನಿಯೂ ಅದೇ ಮೌಲ್ಯದ ಮೇಲೆ ಶೇಕಡಾ 15ರಂತೆ ರಾಷ್ಟ್ರೀಯ ವಿಮೆಯ ಪಾಲನ್ನು ಬೇರೆ ತೆರಬೇಕು: 603 ಪೌಂಡಿನ ಬದಲಿಗೆ 2,220. ಗಾಡಿಗೆ ಒಂದು ಚಕ್ರವೂ ಹೆಚ್ಚಲಿಲ್ಲ. ಹೆಸರು ಮಾತ್ರ ಬದಲಾಯಿತು.

ಬಹುಕಾಲ ಆ ದೇಶದ ತೆರಿಗೆ ಇಲಾಖೆ ಈ ತೊಡಕನ್ನು ಒಂದು ತಕ್ಕಡಿಯಿಂದ ಪರಿಹರಿಸಿಕೊಂಡಿತ್ತು. ನಾಲ್ಕು ಬಾಗಿಲಿನ ಪಿಕಪ್ ಒಂದು ಟನ್ ಅಥವಾ ಅದಕ್ಕೂ ಹೆಚ್ಚು ಭಾರ ಹೊರಬಲ್ಲುದಾದರೆ ಅದು ವ್ಯಾನ್, ಇಲ್ಲವಾದರೆ ಕಾರ್. ತೊಟ್ಟಿಯ ಮೇಲೆ ಗಟ್ಟಿ ಮುಚ್ಚಳ ಕೂರಿಸಿದರೆ ಅದರ ತೂಕ 45 ಕಿಲೋ ಎಂದು ಹಿಡಿದು ಹೊರೆಯ ಲೆಕ್ಕದಿಂದ ಕಳೆಯುತ್ತಿದ್ದರು. 1,010 ಕಿಲೋ ಹೊರುವ ಗಾಡಿಯ ಮೇಲೆ ಮುಚ್ಚಳ ಬಿದ್ದೊಡನೆ ಅದು 965 ಕಿಲೋಗೆ ಇಳಿದು, ವ್ಯಾನಿನ ಜನ್ಮ ಬಿಟ್ಟು ಕಾರಿನ ಜನ್ಮ ಎತ್ತುತ್ತಿತ್ತು! ನಗು ಬರಿಸುವ ನಿಯಮವಾದರೂ ಅದಕ್ಕೆ ಒಂದು ಗುಣವಿತ್ತು: ಗಾಡಿ ಕೊಳ್ಳುವ ಮೊದಲೇ ಉತ್ತರ ತಿಳಿಯುತ್ತಿತ್ತು.

ಈ ಏರ್ಪಾಡನ್ನು ಕದಲಿಸಿದ್ದು ಪಿಕಪ್ ಅಲ್ಲ, ಕೋಕಾ-ಕೋಲಾ ಕಂಪನಿಯ ಮೊಕದ್ದಮೆ. ಕಂಪನಿಯ ಯಂತ್ರಗಳನ್ನು ನೋಡಿಕೊಳ್ಳುವ ತಂತ್ರಜ್ಞರಿಗೆ ಚಾಲಕನ ಹಿಂದೆ ಇನ್ನೊಂದು ಸಾಲು ಆಸನವಿದ್ದ ವಾಕ್ಸ್‌ಹಾಲ್ ವಿವಾರೋ ಮತ್ತು ಫೋಕ್ಸ್‌ವ್ಯಾಗನ್ ಕೋಂಬಿ ಗಾಡಿಗಳನ್ನು ಕೊಡಲಾಗಿತ್ತು. 2003ರ ಕಾನೂನಿನ ಪ್ರಕಾರ, ಗಾಡಿಯ ರಚನೆ ಮುಖ್ಯವಾಗಿ ಸರಕು ಸಾಗಣೆಗೆ ತಕ್ಕದ್ದಾಗಿದ್ದರೆ ಮಾತ್ರ ಅದು ಸರಕಿನ ಗಾಡಿ. ಕೆಳಗಿನ ನ್ಯಾಯಮಂಡಲಿ ವಿವಾರೋವನ್ನು ವ್ಯಾನ್ ಎಂದಿತು, ಕೋಂಬಿಯನ್ನು ಕಾರ್ ಎಂದಿತು. 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಎಲ್ಲವೂ ಕಾರುಗಳೇ ಎಂದು ತೀರ್ಮಾನಿಸಿತು.

ತೀರ್ಪು ನಿಂತದ್ದು ‘ಮುಖ್ಯವಾಗಿ’ ಎಂಬ ಒಂದು ಪದದ ಮೇಲೆ. ಜನರನ್ನು ಒಯ್ಯಲೂ ಸರಕನ್ನು ಒಯ್ಯಲೂ ಗಾಡಿ ಸಮವಾಗಿ ತಕ್ಕದ್ದಾಗಿದ್ದರೆ, ಸರಕು ಮುಖ್ಯವಾಗಲಿಲ್ಲ. ಮುಖ್ಯವಾಗದ ಮೇಲೆ ಅದು ಸರಕಿನ ಗಾಡಿಯಲ್ಲ. ಪ್ರಧಾನವಾದುದನ್ನು ಹಿಡಿದು ಹೆಸರಿಡಬೇಕೆಂಬುದು ನಮ್ಮ ಶಾಸ್ತ್ರಕಾರರಿಗೂ ಹೊಸ ಮಾತಲ್ಲ. ಆದರೆ ನರನೂ ಅಲ್ಲ ಮೃಗವೂ ಅಲ್ಲ ಎಂಬ ನರಸಿಂಹನಂತಹ ರೂಪ ಎದುರಿಗೆ ಬಂದಾಗ ನ್ಯಾಯಶಾಸ್ತ್ರವೂ ಹೊಸ್ತಿಲ ಮೇಲೆ ನಿಲ್ಲಬೇಕಾಗುತ್ತದೆ.

ತೀರ್ಪಿನ ಬಿಸಿ ಪಿಕಪ್‌ಗಳಿಗೆ ತಟ್ಟಿದ್ದು ತಡವಾಗಿ. ಇನ್ನು ಮೇಲೆ ತಕ್ಕಡಿಯನ್ನು ಬಿಟ್ಟು ಈ ತೀರ್ಪನ್ನೇ ಅನುಸರಿಸುವುದಾಗಿ 2024ರ ಫೆಬ್ರವರಿ 12ರಂದು ತೆರಿಗೆ ಇಲಾಖೆ ಸಾರಿತು. ರೈತರೂ ಮೋಟಾರು ಉದ್ಯಮದವರೂ ಗುಲ್ಲೆಬ್ಬಿಸಿದರು. ಫೆಬ್ರವರಿ 19ರಂದು ಸರ್ಕಾರ ಆ ಮಾತನ್ನು ಹಿಂತೆಗೆದುಕೊಂಡಿತು. ಜುಲೈಯಲ್ಲಿ ಚುನಾವಣೆ ನಡೆದು ಸರ್ಕಾರವೇ ಬದಲಾಯಿತು. ಹೊಸ ಸರ್ಕಾರದ ಅಕ್ಟೋಬರ್ 30ರ ಆಯವ್ಯಯ ಪತ್ರದಲ್ಲಿ ಹಿಂತೆಗೆದ ನಿಯಮ ಮರಳಿ ಬಂತು. ಅದರಂತೆ 2025ರ ಏಪ್ರಿಲ್‌ನಿಂದ ನಾಲ್ಕು ಬಾಗಿಲಿನ ಪಿಕಪ್‌ಗಳಲ್ಲಿ ಬಹುಪಾಲು ಕಾರುಗಳೇ ಆಗಿವೆ.

ಆ ಏಪ್ರಿಲ್ 6ಕ್ಕೆ ಮೊದಲು ಕೊಂಡ, ಬಾಡಿಗೆ ಕರಾರಿನಲ್ಲಿ ಪಡೆದ, ಅಥವಾ ಆರ್ಡರು ಕೊಟ್ಟ ಗಾಡಿಗಳಿಗೆ ಮಾತ್ರ ಹಳೆಯ ನಿಯಮದ ನೆರಳು ಉಂಟು. ಅದೂ ಗಾಡಿ ಮಾರುವವರೆಗೆ, ಕರಾರು ಮುಗಿಯುವವರೆಗೆ, ಅಥವಾ 2029ರ ಏಪ್ರಿಲ್ 5ರವರೆಗೆ. ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ. ಇಷ್ಟಾದರೂ ಮೌಲ್ಯವರ್ಧಿತ ತೆರಿಗೆಯ ವಿಭಾಗದಲ್ಲಿ ಒಂದು ಟನ್ನಿನ ತಕ್ಕಡಿ ಇನ್ನೂ ತೂಗುತ್ತಲೇ ಇದೆ. ಹೀಗಾಗಿ ಒಂದೇ ಗಾಡಿ ಒಂದು ಮೇಜಿನ ಮುಂದೆ ಸರಕಿನ ಗಾಡಿ, ಪಕ್ಕದ ಮೇಜಿನ ಮುಂದೆ ಕಾರು.

ನಿಯಮದ ಪರವಾಗಿಯೂ ಹೇಳುವ ಮಾತಿದೆ. ತೊಟ್ಟಿಗೆ ಒಂದು ದಿನವೂ ಮಣ್ಣು ತಾಗಿಸದೆ, ಕಾರಿನ ಸುಖವನ್ನೆಲ್ಲ ಅನುಭವಿಸಿ, ವ್ಯಾನಿನ ತೆರಿಗೆ ಕೊಟ್ಟು ಪಾರಾಗುವವರಿಗೆ ಹಳೆಯ ನಿಯಮ ದೊಡ್ಡ ಬಾಗಿಲನ್ನೇ ತೆರೆದಿಟ್ಟಿತ್ತು. ಅದೇ ಬೆಲೆಯ ಕಾರಿಗೆ ಪೂರ್ತಿ ತೆರಿಗೆ ಕೊಡುವ ನೆರೆಮನೆಯವನು ಅದನ್ನು ನೋಡಿ ಸುಮ್ಮನಿರಬೇಕೇ?

ಆದರೆ ಪೆಟ್ಟು ಬೀಳುವುದು ಅಂಥವರಿಗೆ ಮಾತ್ರವಲ್ಲ. ಗಾಡಿ ವ್ಯಾನ್ ಆಗಿದ್ದಾಗ ಮನೆಯಿಂದ ಕೆಲಸಕ್ಕೆ ಹೋಗಿಬರುವ ಓಡಾಟ ಲೆಕ್ಕಕ್ಕೆ ಬರುತ್ತಿರಲಿಲ್ಲ. ಸಂಜೆ ಗಾಡಿಯನ್ನು ಮನೆಗೆ ತಂದು, ಬೆಳಗ್ಗೆ ಸಾಮಾನಿನೊಡನೆ ನೇರವಾಗಿ ಕೆಲಸಕ್ಕೆ ಹೊರಡುವ ನೌಕರನಿಗೆ, ಬೇರೆ ಸ್ವಂತ ಬಳಕೆ ಇಲ್ಲವೆಂದಾದರೆ, ತೆರಿಗೆಯೇ ಇರಲಿಲ್ಲ. ಕಾರ್ ಆದಾಗ ಆ ಹೋಗಿಬರುವುದೇ ಸ್ವಂತ ಬಳಕೆ. ಮಕ್ಕಳನ್ನು ಒಂದು ದಿನವೂ ಅದರಲ್ಲಿ ಕೂರಿಸದವನೂ ಪೂರ್ತಿ ಸವಲತ್ತನ್ನು ಉಂಡವನೆಂದೇ ಲೆಕ್ಕ. ಸೊನ್ನೆ ಇದ್ದಲ್ಲಿ 2,960 ಪೌಂಡು.

ಸ್ವಂತ ವ್ಯವಸಾಯ ಮಾಡುವ ರೈತನ ಕಷ್ಟ ಬೇರೆ ತೆರನಾದದ್ದು. ವ್ಯಾನ್ ಎನಿಸಿದ ಗಾಡಿಯ ಪೂರ್ತಿ ಬೆಲೆಯನ್ನು, ಕೇವಲ ಉದ್ಯೋಗಕ್ಕಾಗಿ ಬಳಸುವುದಾದರೆ, ಕೊಂಡ ವರ್ಷವೇ ಲಾಭದಿಂದ ಕಳೆಯಬಹುದಾಗಿತ್ತು. ಕಾರಿಗೆ ಆ ಸೌಲಭ್ಯವಿಲ್ಲ. ಹೊಗೆ ಹೆಚ್ಚಿರುವ ಗಾಡಿಗೆ ವರ್ಷಕ್ಕೆ ಶೇಕಡಾ 6 ಮಾತ್ರ. 40,000 ಪೌಂಡಿನಲ್ಲಿ ಮೊದಲ ವರ್ಷ ಕಳೆಯಬಹುದಾದದ್ದು 2,400.

ಎರಡೇ ಬಾಗಿಲಿನ, ಒಂದೇ ಸಾಲು ಆಸನದ ಪಿಕಪ್ ಈಗಲೂ ಸಾಮಾನ್ಯವಾಗಿ ವ್ಯಾನೇ. ಗಾಡಿಯನ್ನು ರಾತ್ರಿ ಕಂಪನಿಯ ಅಂಗಳದಲ್ಲೇ ಬಿಟ್ಟು, ಸ್ವಂತ ಬಳಕೆ ಕೂಡದೆಂದು ಬರೆದಿಟ್ಟು, ಹಾಗೆಯೇ ನಡೆದುಕೊಂಡರೆ ಸವಲತ್ತಿನ ಮಾತೇ ಏಳದು. ದಾರಿಗಳು ಇಲ್ಲದಿಲ್ಲ. ಆದರೆ ಮೊದಲನೆಯ ದಾರಿ ಹಿಡಿದರೆ ಜೊತೆ ಕೆಲಸಗಾರರಿಗೆ ಹಿಂದೆ ಆಸನವಿಲ್ಲ. ಎರಡನೆಯದನ್ನು ಹಿಡಿದರೆ ಬೆಳಗಿನ ಜಾವ ಅಂಗಳದವರೆಗೆ ಬರಲು ಬೇರೆ ಗಾಡಿ ಬೇಕು.

ಕಾನೂನಿಗೆ ಎಲ್ಲಿಯಾದರೂ ಒಂದು ಗೆರೆ ಎಳೆಯದೆ ವಿಧಿಯಿಲ್ಲ. ಹಳೆಯ ಗೆರೆ ತೂಕವನ್ನು ನೋಡುತ್ತಿತ್ತು, ಹೊಸ ಗೆರೆ ಗಾಡಿಯ ರಚನೆಯನ್ನು ನೋಡುತ್ತದೆ. ಆ ಗಾಡಿಯಿಂದ ಇಳಿಯುವವನ ಕೈಗೆ ಮಣ್ಣು ಮೆತ್ತಿದೆಯೇ ಇಲ್ಲವೇ ಎಂಬುದನ್ನು ಎರಡೂ ನೋಡವು. ಅದನ್ನು ಬಲ್ಲವಳು ಮನೆಯಾಕೆ ಒಬ್ಬಳೇ. ತಿಂಗಳ ಕೊನೆಗೆ ಸಂಬಳದ ಚೀಟಿಯಲ್ಲಿ ಕಡಿಮೆಯಾದ 180 ಪೌಂಡನ್ನು ಯಾವ ಖರ್ಚಿನಿಂದ ತುಂಬಿಸಬೇಕೆಂದು ಎಣಿಸುವವಳೂ ಆಕೆಯೇ.