ಕೋಣದ ಗುಂಗಿನ ಕಂದ



ನಿಮ್ಮ ಮನೆಯ ಪುಟ್ಟ ಪೋರನಿಗೆ ಯಾವ ಪ್ರಾಣಿಯ ಹುಚ್ಚು? ಕೆಲವು ಮಕ್ಕಳಿಗೆ ಆನೆ, ಕೆಲವರಿಗೆ ಬೆಕ್ಕು. ಬಂಟ್ವಾಳದ ನಮ್ಮ ಮನೆಯಲ್ಲಿ ಮಾತ್ರ ಬೆಳಗಾದರೆ ಕೋಣ, ರಾತ್ರಿಯಾದರೆ ಕೋಣ! ಎರಡೂವರೆ ವರ್ಷದ ಮೊಮ್ಮಗ ಎರಡು ಹಿಡಿಸೂಡಿಗಳನ್ನು ಬೈರಾಸಿನಿಂದ ಜೋಡಿ ಕಟ್ಟಿ ಜಗಲಿಯ ಉದ್ದಕ್ಕೂ ಓಡಿಸುತ್ತಾನೆ. ಅಂಗಳದಲ್ಲಿ ನೀರು ಚೆಲ್ಲಿದರೆ ಮುಗಿಯಿತು, ಅದೇ ಕಂಬಳದ ಕರೆ.

ನಮ್ಮ ಕಡೆ ಇದು ಆಶ್ಚರ್ಯವಲ್ಲ ಬಿಡಿ. ನವೆಂಬರ್ ಬಂತೆಂದರೆ ಬಂಟ್ವಾಳ ತಾಲೂಕಿನ ಹೊಕ್ಕಾಡಿಗೋಳಿ, ಬೆಳ್ತಂಗಡಿಯ ವೇಣೂರು, ಮೂಡಬಿದಿರೆಯ ಕಡಲಕೆರೆ ಎಂದು ಒಂದಲ್ಲ ಒಂದು ಕಡೆ ಕಂಬಳ. ದೊಡ್ಡವರೇ ರಾತ್ರಿಯಿಡೀ ನಿದ್ದೆಗೆಟ್ಟು ನೋಡುವಾಗ ಮಗುವನ್ನು ದೂರಿ ಏನು ಪ್ರಯೋಜನ?

ಆದರೂ ಸೊಸೆಗೆ ಚಿಂತೆ. "ಕೋಣ ಕೋಣ ಅಂತ ಕೋಣನ ಹಾಗೇ ಆದಾನು" ಎಂದು ಯಾರೋ ಆಡಿಕೊಂಡರಂತೆ. "ಅತ್ತೇ, ಇವ ಬೇರೆ ಏನೂ ಕಲಿಯುವುದೇ ಇಲ್ಲವಾ?" ಎಂದು ಕಣ್ಣೀರು ಹಾಕಿದಳು. ಊಟಕ್ಕೆ ಕೂತರೆ ಅವನಿಗೆ ಮೊಬೈಲಿನಲ್ಲಿ ಕಂಬಳ ಬೇಕು, ತೆಗೆದರೆ ಬೊಬ್ಬೆ.

ಯೋಚಿಸಿ ನೋಡಿದೆವು. ತಪ್ಪು ಕೋಣದ್ದಲ್ಲ, ಮೊಬೈಲಿನದ್ದು. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಊಟದ ಹೊತ್ತಿಗೆ ಮೊಬೈಲ್ ಕಪಾಟು ಸೇರಿತು. ಮೂರು ದಿನ ಅತ್ತ, ಅರೆಹೊಟ್ಟೆ ಉಂಡ. ನಾಲ್ಕನೆಯ ದಿನ ನಾನೆಂದೆ: "ಕಂಬಳದ ಕೋಣ ಬೇಯಿಸಿದ ಹುರುಳಿ ತಿಂದು ಓಡುತ್ತದೆ. ನೀನು?" ಹುರುಳಿ ಸಾರು ಕಲಸಿದ ಅನ್ನ ಬಟ್ಟಲು ಖಾಲಿ!

ಹೀಗೆ ಕೋಣವೇ ನಮ್ಮ ಮೇಷ್ಟ್ರಾಯಿತು. ಜೋಡಿಗೆ ಕೊಂಬು ಎಷ್ಟು? ನಾಲ್ಕು. ಕನೆಹಲಗೆಯಲ್ಲಿ ನೀರು ಎಷ್ಟು ಎತ್ತರ ಚಿಮ್ಮಿತು? ಎತ್ತರ-ತಗ್ಗು ಬಂತು. ಹಗ್ಗ, ನೇಗಿಲು, ಅಡ್ಡಹಲಗೆ ಎಂದು ಮಾತು ಬೆಳೆಯಿತು.

ಒಂದು ಎಚ್ಚರಿಕೆ ಹೇಳಲೇಬೇಕು. ಮಗುವಿನ ಪ್ರೀತಿಗೆ ಹೆದರಿಕೆ ತಿಳಿಯದು. ಕಳೆದ ಸಲ ಕಂಬಳದಲ್ಲಿ ಕ್ಷಣಮಾತ್ರ ಕೈ ತಪ್ಪಿಸಿಕೊಂಡು, ಹಗ್ಗದಡಿ ನುಸುಳಿ, ಓಟ ಮುಗಿಯುವ ಮಂಜೊಟ್ಟಿಯ ಕಡೆ ಓಡಿಯೇಬಿಟ್ಟ. ಯಾರೋ ಪುಣ್ಯಾತ್ಮರು ಎತ್ತಿಕೊಂಡರು. ಈಗಲೂ ನೆನೆದರೆ ಎದೆ ನಡುಗುತ್ತದೆ. ತಪ್ಪು ನಮ್ಮದೇ. ಅಂದಿನಿಂದ ನಿಯಮ ಒಂದೇ: ಕೋಣ ನೋಡುವುದು ಅಜ್ಜನ ಹೆಗಲ ಮೇಲಿಂದ ಮಾತ್ರ. ಮನೆಯ ದನ, ನಾಯಿಯಾದರೂ ಸರಿ, ದೊಡ್ಡವರಿಲ್ಲದೆ ಹತ್ತಿರ ಬಿಡಬೇಡಿ.

ಇನ್ನು, ಒಂದೇ ಪ್ರಾಣಿಯ ಗುಂಗು ರೋಗವಲ್ಲ. ಆದರೆ ಹೆಸರು ಹಿಡಿದು ಕರೆದರೂ ತಿರುಗದಿದ್ದರೆ, ಮುಖ ಕೊಟ್ಟು ನೋಡದಿದ್ದರೆ, ಎರಡು ವರ್ಷವಾದರೂ ಎರಡು ಮಾತು ಜೋಡಿಸದಿದ್ದರೆ "ತಾನಾಗಿ ಸರಿಹೋಗುತ್ತದೆ" ಎಂದು ಕೂರಬೇಡಿ. ಮಕ್ಕಳ ಡಾಕ್ಟರಿಗೆ ತೋರಿಸಿ.

ಉಳಿದಂತೆ ನಕ್ಕು ಜೊತೆಗೂಡಿ. ಈ ಹುಚ್ಚು ಒಂದು ದಿನ ಹೇಳದೆ ಕೇಳದೆ ಹೋಗುತ್ತದೆ. ಆಗ ಹಿಡಿಸೂಡಿ ಗುಡಿಸುವುದಕ್ಕೆ ಸಿಗುತ್ತದೆ, ಜಗಲಿ ಮಾತ್ರ ಬಿಕೋ ಎನ್ನುತ್ತದೆ.